‘ಡೆಲಿಕೇಟ್’ ಎಂಬ ಮಾತಿನ ವಿಷಯವಾಗಿ ಕೆಲವು ಆಲೋಚನೆಗಳು

ಪಟ್ಟಣದ ಶಾಲೆಗಳಿಗೆ ಹೋಗುವ ನಮ್ಮ ಮಕ್ಕಳು ಮನೆಗೆ ತರುವ ಇಂಗ್ಲಿಷ್ ಮಾತುಗಳಲ್ಲಿ ‘ಡೆಲಿಕೇಟ್’ ಎಂಬದೊಂದು. ಗಾಜಿನ ಬಳೆ ಡೆಲಿಕೇಟ್. ಹಸುಗೂಸಿನ ಚರ್ಮವು ಡೆಲಿಕೇಟ್. ಪದೇ ಪದೇ ಜ್ವರ ಬೀಳುವ ಹುಡುಗಿಯ ಶರೀರವು ಡೆಲಿಕೇಟ್. ಇಲ್ಲಿಗೆ ನಿಂತಿದ್ದರೆ ಕೇಳುವವನಿಗೆ ಕಷ್ಟವಿರಲಿಲ್ಲ. ಆದರೆ ಕಣ್ಣಿನ ಮೇಲೆ ವೈದ್ಯನು ಮಾಡುವ ಶಸ್ತ್ರಚಿಕಿತ್ಸೆಯೂ ಡೆಲಿಕೇಟ್, ಅಕ್ಕಸಾಲಿಗನ ಪುಟ್ಟ ತ್ರಾಸೂ ಡೆಲಿಕೇಟ್, ಎರಡು ಮನೆಗಳ ನಡುವೆ ಹುಟ್ಟಿದ ಮನಸ್ತಾಪವೂ ಡೆಲಿಕೇಟ್, ದೊಡ್ಡವರ ಔತಣದ ರುಚಿಯಾದ ಭಕ್ಷ್ಯವೂ ಡೆಲಿಕೇಟ್ ಎಂದು ಅವರು ಹೇಳುವಾಗ, ಇಷ್ಟು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತು ಹೇಗೆ ಹೊರುತ್ತದೆ ಎಂದು ಹಿರಿಯರು ಕೇಳುವದುಂಟು. ಕೇಳತಕ್ಕ ಪ್ರಶ್ನೆಯೇ ಸರಿ. ಇದು ನಿಘಂಟಿನವರ ಕೆಲಸ, ನಮಗೇಕೆ ಎಂದು ಯಾರಾದರೂ ಅನ್ನಬಹುದು. ಆದರೆ ಈ ಮಾತಿನೊಳಗೆ ನಡತೆಗೆ ಸಂಬಂಧಪಟ್ಟ ಒಂದು ಪ್ರಶ್ನೆಯು ಅಡಗಿರುವದೆಂದು ನಮಗೆ ತೋರುತ್ತದೆ: ಒಬ್ಬ ಮನುಷ್ಯನನ್ನು ಡೆಲಿಕೇಟ್ ಎಂದು ಕರೆಯುವಾಗ ನಾವು ಅವನನ್ನು ಹೊಗಳುತ್ತೇವೋ, ಕನಿಕರಿಸುತ್ತೇವೋ, ಇಲ್ಲವೆ ಅವನ ಮುಂದೆ ಬಾಗಿಲು ಮುಚ್ಚುತ್ತೇವೋ?

ನಮ್ಮ ಕನ್ನಡವು ಈ ವಿಷಯದಲ್ಲಿ ಬಡವಾಗಿಲ್ಲ. ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಮಾತುಗಳನ್ನು ಇಟ್ಟುಕೊಂಡಿದೆ. ಬಲಿಯದಿರುವದು ಎಳೆಯದು, ಎಳೆ ಸೌತೆಕಾಯಿ, ಎಳೆ ಕೂಸು, ಎಳೆ ಬಿಸಿಲು ಎನ್ನುತ್ತೇವೆ. ಕೈಗೆ ಒರಟಾಗಿ ತಾಗದಿರುವದು ನವಿರು, ಒತ್ತಿದರೆ ಒಳಗಾಗುವದು ಮೃದು. ಕೋಮಲ, ಸುಕುಮಾರ ಎಂಬ ಮಾತುಗಳು ಸಂಸ್ಕೃತದಿಂದ ಬಂದು ಕಾವ್ಯಗಳಲ್ಲಿ ನೆಲೆಗೊಂಡವು. ಸೂಕ್ಷ್ಮವೆಂಬದು ಮೊದಲು ಬಹು ಸಣ್ಣದಾದ ವಸ್ತುವಿಗೆ ಸಲ್ಲುವ ಮಾತು. ಸಣ್ಣದನ್ನು ಕಾಣಬಲ್ಲ ಬುದ್ಧಿಗೂ ಅದನ್ನೇ ಹೇಳುತ್ತೇವೆ. ಇನ್ನು ನಾಜೂಕು ಎಂಬದು ಪಾರಸೀ ಮಾತು. ದಖ್ಖನದ ಆಸ್ಥಾನಗಳೂ ಪೇಟೆಗಳೂ ಬಳಸಿ ಬಳಸಿ ನಮಗೆ ಕೊಟ್ಟದ್ದು. ಪಾರಸಿಯಲ್ಲಿ ‘ನಾಜ್’ ಅಂದರೆ ಮುದ್ದು, ಬಿನ್ನಾಣ, ಲಾಲನೆ. ಅದಕ್ಕೆ ಸಂಬಂಧಪಟ್ಟದ್ದು ‘ನಾಜುಕ್’. ಅಂದರೆ ಮುದ್ದಿನಲ್ಲಿ ಬೆಳೆದದ್ದೂ ಬೇಗ ಮುರಿಯುವದೂ ಪಾರಸೀಕರ ಬಾಯಲ್ಲಿ ನೆರೆಹೊರೆಯ ಮಾತುಗಳು. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಯಾಕಂದರೆ ಇಂಗ್ಲಿಷ್ ಮಾತಿನ ಹುಟ್ಟೂ ಹೀಗೆಯೇ ಇರುತ್ತದೆ.

ಡೆಲಿಕೇಟ್ ಎಂಬದರ ಬೇರು ರೋಮಿನವರ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಡೆಲಿಕಾಟುಸ್’ ಅಂದರೆ ಬಲವಿಲ್ಲದವನೆಂದು ಅರ್ಥವಲ್ಲ. ಸುಖದಲ್ಲಿ ಬೆಳೆದವನು, ಭೋಗವನ್ನು ಹುಡುಕುವವನು, ಮನಸ್ಸನ್ನು ಸೆಳೆಯುವಂಥದು ಎಂದು ಅರ್ಥ. ಸುಖಭೋಗಗಳಿಗೆ ‘ಡೆಲಿಕಿಯೆ’ ಎಂದು ಅವರು ಹೇಳುತ್ತಿದ್ದ ಮಾತಿನ ಸಂಗಡ ಇದನ್ನು ಸೇರಿಸುತ್ತಾರೆ. ರುಚಿಯಾದ ಊಟಕ್ಕೆ ಇಂಗ್ಲಿಷರು ಹೇಳುವ ‘ಡಿಲಿಷಸ್’ ಎಂಬ ಮಾತು ಆ ಮನೆಯ ಮಗಳೇ. ಇನ್ನೊಂದು ಸಂಗತಿಯುಂಟು. ರೋಮಿನ ಧನಿಕರು ಕೆಲವು ದಾಸಬಾಲಕರನ್ನು ಹೊಲದ ಕೆಲಸಕ್ಕೂ ಅಡಿಗೆಮನೆಗೂ ಕಳುಹಿಸದೆ, ಒಳ್ಳೆಯ ಬಟ್ಟೆ ಉಡಿಸಿ, ತಮ್ಮ ಕಣ್ಣಿನ ಸುಖಕ್ಕಾಗಿಯೂ ಅದಕ್ಕಿಂತ ಕೀಳಾದ ಸುಖಗಳಿಗಾಗಿಯೂ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಅಂಥ ಹುಡುಗನನ್ನೂ ‘ಡೆಲಿಕಾಟುಸ್’ ಎಂದೇ ಕರೆಯುತ್ತಿದ್ದರು. ಅವನ ಕೈಯಲ್ಲಿ ದುಡ್ಡು ಬೀಳಲಿಲ್ಲ, ಕಾಲಲ್ಲಿ ಮುಳ್ಳು ಚುಚ್ಚಲಿಲ್ಲ. ಆದರೂ ಅವನು ತನ್ನವನಲ್ಲ, ಕೊಂಡವನ ಸೊತ್ತು. ಮೃದುವಾಗಿ ನಡಿಸಲ್ಪಡುವದು ಬೇರೆ, ಮನುಷ್ಯನೆಂದು ಎಣಿಸಲ್ಪಡುವದು ಬೇರೆ ಎಂಬದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿಯನ್ನು ಈ ಮಾತಿನ ಚರಿತ್ರೆಯಲ್ಲಿ ಹುಡುಕಬೇಕಾಗಿಲ್ಲ.

ಹದಿನಾಲ್ಕನೆಯ ಶತಮಾನದಲ್ಲಿ ಈ ಮಾತು ಇಂಗ್ಲಿಷಿನಲ್ಲಿ ಕಾಣಿಸಿಕೊಂಡಾಗ ಈ ಭೋಗದ ಅರ್ಥವನ್ನೇ ಹೊತ್ತುಕೊಂಡು ಬಂತು. ಒಡೆಯುವ ವಸ್ತುಗಳಿಗೆ ಆ ಭಾಷೆಯಲ್ಲಿ ಬೇರೆ ಮಾತುಗಳು ಉಂಟು. ‘ಫ್ರೇಲ್’ ಎಂಬದೂ ‘ಫ್ರಾಜೈಲ್’ ಎಂಬದೂ ಮುರಿಯುವದು ಎಂಬ ಅರ್ಥದ ಒಂದೇ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಅಕ್ಕತಂಗಿಯರು, ಒಬ್ಬಳು ಹಳೆಯ ಫ್ರೆಂಚರ ಮನೆಯಲ್ಲಿ ಬೆಳೆದು ಬಂದವಳು, ಇನ್ನೊಬ್ಬಳು ಪಂಡಿತರ ಕೈಹಿಡಿದು ತಡವಾಗಿ ಬಂದವಳು. ಇವಕ್ಕೂ ಡೆಲಿಕೇಟ್ ಎಂಬದಕ್ಕೂ ಇರುವ ಭೇದವನ್ನು ತಿಳಿಯಲು ಒಂದು ಸುಲಭವಾದ ಪರೀಕ್ಷೆಯುಂಟು. ಗಾಜಿನ ಬಳೆಗೆ ಎರಡು ಮಾತುಗಳೂ ಒಪ್ಪುತ್ತವೆ. ಆದರೆ ಕಣ್ಣಿನ ವೈದ್ಯನ ಕೈಗೆ ಫ್ರಾಜೈಲ್ ಎಂದರೆ ಅವನ ಬೆರಳುಗಳು ಮುರಿಯುವಂತಿವೆ ಎಂದಾಗುತ್ತದೆ. ಡೆಲಿಕೇಟ್ ಎಂದರೆ ಅವನು ನೋಯಿಸದೆ ಮುಟ್ಟಬಲ್ಲನು ಎಂದಾಗುತ್ತದೆ. ಒಂದು ಮಾತು ವಸ್ತುವಿನ ಬಳಿಯಲ್ಲೇ ನಿಲ್ಲುತ್ತದೆ, ಇನ್ನೊಂದು ವಸ್ತುವಿನಿಂದ ಅದನ್ನು ಮುಟ್ಟುವ ಕೈಗೆ ದಾಟುತ್ತದೆ. ಈ ದಾಟುವಿಕೆಯೇ ನಮ್ಮ ವಿಚಾರದ ಮುಖ್ಯಾಂಶ. ಅದಕ್ಕೆ ಹೋಗುವ ಮೊದಲು ಹಳೆಯ ಅರ್ಥದ ಕಥೆಯನ್ನು ಮುಗಿಸಬೇಕು.

1611ರಲ್ಲಿ ಅಚ್ಚಾದ ಇಂಗ್ಲಿಷ್ ಸತ್ಯವೇದದಲ್ಲಿ ಈ ಮಾತು ಅನೇಕ ಕಡೆಗಳಲ್ಲಿ ಬರುತ್ತದೆ. ಬಂದಲ್ಲೆಲ್ಲಾ ಸಾಮಾನ್ಯವಾಗಿ ಅದು ಭೋಗದಲ್ಲಿ ಬೆಳೆದವರ ಮಾತು. ಲೂಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಸ್ನಾನಿಕನಾದ ಯೋಹಾನನಿಗೆ ಎದುರಾಗಿ ನಿಲ್ಲಿಸಲ್ಪಡುವ ಅರಮನೆಯವರು ಡೆಲಿಕೇಟಾಗಿ ಬದುಕುವವರು. ಸಮುವೇಲನ ಎದುರಿಗೆ ತರಲ್ಪಟ್ಟ ಅರಸನಾದ ಅಗಾಗನು ನಡೆದು ಬಂದ ರೀತಿಗೂ ಅದೇ ಮಾತು. ಆ ಇಬ್ರಿಯ ಪದದ ಅರ್ಥವು ಅಷ್ಟು ಖಂಡಿತವಲ್ಲ, ಉಲ್ಲಾಸದಿಂದ ಬಂದನೆಂದು ಕೆಲವರು, ಸಂಕೋಲೆಗಳಲ್ಲಿ ಬಂದನೆಂದು ಇನ್ನು ಕೆಲವರು ಭಾಷಾಂತರಿಸಿದ್ದಾರೆ. ಅದಿರಲಿ. ಹೆಚ್ಚು ಬೆಲೆಯುಳ್ಳದ್ದು ಧರ್ಮೋಪದೇಶಕಾಂಡದ 28ನೆಯ ಅಧ್ಯಾಯದ ಸ್ಥಳ. ಅಲ್ಲಿ ಇಬ್ರಿಯದಲ್ಲಿ ಎರಡು ಮಾತುಗಳು ಜೊತೆಯಾಗಿ ಬರುತ್ತವೆ. ಒಂದು ‘ರಾಖ್’, ಅಂದರೆ ಮೃದುವಾದದ್ದು, ಎಳೆಯದು. ಇನ್ನೊಂದು ‘ಆನೋಗ್’, ಅಂದರೆ ಸುಖದಲ್ಲಿ ಬೆಳೆದದ್ದು. ಆ ಧಾತುವಿನಿಂದಲೇ ಆನಂದವೆಂಬ ಅರ್ಥದ ‘ಓನೆಗ್’ ಎಂಬ ಮಾತು ಹುಟ್ಟಿತು, ಯೆಶಾಯನ 58ನೆಯ ಅಧ್ಯಾಯದಲ್ಲಿ ಸಬ್ಬತ್ ದಿನವನ್ನು ಕುರಿತು ಹೇಳಿರುವದು ಅದೇ. ಹೀಗೆ ರೋಮಿನವರೂ ಪಾರಸೀಕರೂ ಇಬ್ರಿಯರೂ ಒಬ್ಬರನ್ನೊಬ್ಬರು ಕೇಳದೆ ಸುಖವನ್ನೂ ನಾಜೂಕನ್ನೂ ಒಂದೇ ಗಂಟಿನಲ್ಲಿ ಕಟ್ಟಿದರು.

ಆ ಅಧ್ಯಾಯದಲ್ಲಿ ಹೇಳಿರುವ ಸಂಗತಿಯು ಓದುವದಕ್ಕೂ ಭಯಂಕರವಾಗಿದೆ. ಪಟ್ಟಣಕ್ಕೆ ಮುತ್ತಿಗೆ ಬೀಳುವದು, ಅನ್ನ ತೀರುವದು. ಆಗ ಬಹು ಸುಕುಮಾರನಾಗಿ ಬೆಳೆದ ಗಂಡಸು ತನ್ನ ಸಹೋದರನನ್ನೂ ಹೆಂಡತಿಯನ್ನೂ ಉಳಿದ ಮಕ್ಕಳನ್ನೂ ಕೆಟ್ಟ ಕಣ್ಣಿನಿಂದ ನೋಡುವನು. ತಾನು ತಿನ್ನುವದರಲ್ಲಿ, ಅದೂ ಏನನ್ನು ತಿನ್ನುತ್ತಾನೆಂದು ಇಲ್ಲಿ ಬರೆಯಲು ಮನಸ್ಸಾಗದು, ಅವರಿಗೆ ಪಾಲು ಕೊಡನು. ಕೋಮಲತೆಯ ನಿಮಿತ್ತ ಅಂಗಾಲನ್ನು ನೆಲಕ್ಕೆ ಸೋಂಕಿಸದಿದ್ದ ಹೆಂಗಸೂ ಹಾಗೆಯೇ ಮಾಡುವಳು. ಗ್ರಂಥಕರ್ತನು ಈ ಘೋರವನ್ನು ಹೇಳಲು ಒರಟರನ್ನು ಆರಿಸಿಕೊಳ್ಳಲಿಲ್ಲ, ಅತ್ಯಂತ ನಾಜೂಕಾದವರನ್ನೇ ಆರಿಸಿಕೊಂಡನು. ಹಸಿವು ಎಲ್ಲಿಯ ತನಕ ಮುಟ್ಟುವದೆಂದು ತೋರಿಸುವದಕ್ಕಾಗಿ ಹಾಗೆ ಮಾಡಿದನು ಎಂದು ಸಾಮಾನ್ಯವಾಗಿ ಹೇಳುವದುಂಟು, ಅದು ಸರಿಯೇ. ನಮಗಾದರೋ ಅದರಲ್ಲಿ ಇನ್ನೊಂದು ಮಾತು ಕೇಳಿಸುತ್ತದೆ. ತನ್ನ ಅಂಗಾಲಿಗೆ ನೆಲ ತಗಲಬಾರದೆಂದು ಕಲಿತವಳು, ಇನ್ನೊಬ್ಬರ ಅಂಗಾಲಿನ ವಿಷಯವಾಗಿ ಏನನ್ನೂ ಕಲಿತಿರಲಿಲ್ಲ. ಅವಳ ನಾಜೂಕು ಎಲ್ಲವೂ ಒಳಮುಖವಾಗಿತ್ತು.

ಭೋಗದಲ್ಲಿ ಬೆಳೆದವನು ಬಿಸಿಲನ್ನು ತಾಳನು. ಹೀಗೆ ಸುಖದ ಮಾತು ಬಲಹೀನತೆಯ ಮಾತಾದದ್ದು ಸಹಜ. ಆಶ್ಚರ್ಯವೇನಂದರೆ ಆ ಬಲಹೀನತೆಯೇ ಇಂಗ್ಲೆಂಡಿನಲ್ಲಿ ಒಂದು ಗೌರವವಾಯಿತು. ದುಡಿಯದೆ ಇರಬಲ್ಲವರಿಗೆ ಮಾತ್ರ ಸಿಕ್ಕುವಂಥದು ತಾನಾಗಿಯೇ ಕುಲೀನತೆಯ ಗುರುತಾಗುತ್ತದಷ್ಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ದೊಡ್ಡ ಮನೆಗಳ ಹೆಣ್ಣುಮಕ್ಕಳನ್ನು ಡೆಲಿಕೇಟ್ ಎನ್ನುವದು ಒಂದು ಹೊಗಳಿಕೆ. ಮೂಳೆಗಳಿಂದ ಬಿಗಿದ ಕವಚದಂಥ ರವಿಕೆಯಿಂದ ನಡುವನ್ನು ಸಣ್ಣಗೆ ಮಾಡಿ, ಉಸಿರಿಗೆ ತಡೆಮಾಡಿ, ಆಮೇಲೆ ಅವರಿಗೆ ಬೇಗ ಮೂರ್ಛೆ ಬರುತ್ತದೆಂದು ಅವರ ಸ್ವಭಾವವನ್ನೇ ನಾಜೂಕೆಂದು ಸಾರಿದರು.

ಅದೇ ದೇಶದಲ್ಲಿ, ಅದೇ ವರುಷಗಳಲ್ಲಿ, ನೆಲದ ಕೆಳಗೆ ಏನಾಗುತ್ತಿತ್ತೆಂದು ನೋಡಿರಿ. ಗಣಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯುವ ಮಕ್ಕಳ ಸ್ಥಿತಿಯನ್ನು ವಿಚಾರಿಸಲು ಲಾರ್ಡ್ ಆ್ಯಶ್ಲಿಯೆಂಬವರ ಪ್ರಯತ್ನದಿಂದ 1840ರಲ್ಲಿ ಒಂದು ಆಯೋಗವು ನೇಮಿಸಲ್ಪಟ್ಟಿತು. ಗಣಿಗಳ ವಿಷಯವಾದ ಅದರ ಮೊದಲನೆಯ ವರದಿಯು 1842ರಲ್ಲಿ ಚಿತ್ರಗಳ ಸಮೇತ ಹೊರಬಂದಾಗ ಓದಿದವರು ಬೆಚ್ಚಿಬಿದ್ದರು. ಕಲ್ಲಿದ್ದಲಿನ ಗಣಿಗಳ ತಗ್ಗಾದ ಸುರಂಗಗಳಲ್ಲಿ ಹೆಂಗಸರೂ ಹುಡುಗಿಯರೂ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಕಾಲುಗಳ ನಡುವೆ ಸರಪಣಿ ಹಾಯಿಸಿಕೊಂಡು, ಕೈಕಾಲೂರಿ ಪಶುಗಳಂತೆ ಕಲ್ಲಿದ್ದಲಿನ ಬಂಡಿಗಳನ್ನು ಎಳೆಯುತ್ತಿದ್ದರು, ಗರ್ಭಿಣಿಯರೂ ಎಳೆಯುತ್ತಿದ್ದರು. ಮೇಲಿನ ಮನೆಯ ಬೆಂಕಿಗೂಡಿನ ಬಳಿಯಲ್ಲಿ ತಂಗಾಳಿಗೆ ಹೆದರಿ ಶಾಲು ಹೊದ್ದುಕೊಂಡ ಸುಕುಮಾರಿಗೆ ಕಾವು ಕೊಟ್ಟದ್ದು ಈ ಕಲ್ಲಿದ್ದಲೇ. ಎರಡು ಶರೀರಗಳೂ ಒಂದೇ ಮಣ್ಣಿನಿಂದ ಆದವುಗಳು. ಒಂದಕ್ಕೆ ಮಾತ್ರ ಡೆಲಿಕೇಟ್ ಎಂಬ ಹೆಸರು ಇಟ್ಟರು. ಹಾಗಾದರೆ ಆ ಹೆಸರು ಶರೀರವನ್ನು ನೋಡಿ ಇಟ್ಟದ್ದಲ್ಲ, ಮನೆಯನ್ನು ನೋಡಿ ಇಟ್ಟದ್ದು.

ಆ ವರುಷವೇ ಪಾರ್ಲಿಮೆಂಟು ಕಾನೂನು ಮಾಡಿ, ಹೆಂಗಸರೂ ಹತ್ತು ವರುಷಕ್ಕೆ ಕಡಿಮೆಯಾದ ಹುಡುಗರೂ ನೆಲದ ಕೆಳಗೆ ದುಡಿಯಬಾರದೆಂದು ವಿಧಿಸಿತು. ಒಳ್ಳೆಯದಾಯಿತು. ಆದರೂ ಅಲ್ಲಿಯೂ ಒಂದು ಊನವನ್ನು ಹೇಳದೆ ಇರಲಾಗದು. ಗಣಿಯಿಂದ ಹೊರಗೆ ಬಂದ ಹೆಂಗಸರಿಗೆ ಬೇರೆ ಕೂಲಿಯನ್ನು ಆ ಕಾನೂನು ಒದಗಿಸಲಿಲ್ಲ. ಅನೇಕರು ಅನ್ನವಿಲ್ಲದೆ ಕಂಗೆಟ್ಟರು, ಕೆಲವರು ಗಣಿಯ ಬಾಯಿಯ ಹೊರಗೆ ಕಲ್ಲಿದ್ದಲನ್ನು ಆರಿಸುವ ಕೆಲಸಕ್ಕೆ ಹೋದರು. ಅವರ ಬೆನ್ನಿನ ಭಾರಕ್ಕಿಂತಲೂ ಅವರ ಮೈಮೇಲೆ ಬಟ್ಟೆ ಸಾಲದೆ ಇದ್ದದ್ದೇ ಬಹು ಮಂದಿ ದೊಡ್ಡವರನ್ನು ಹೆಚ್ಚಾಗಿ ಕಳವಳಪಡಿಸಿತು. ನೋಡುವವನ ನಾಜೂಕಿಗೆ ಆದ ನೋವು ಮೊದಲು, ಎಳೆಯುವವಳ ಬೆನ್ನಿಗೆ ಆದ ನೋವು ಆಮೇಲೆ.

ಇಷ್ಟಕ್ಕೆ ಮುಗಿಯಲಿಲ್ಲ. 1874ರಲ್ಲಿ ಹೆನ್ರಿ ಮಾಡ್ಸ್‌ಲಿ ಎಂಬ ಹೆಸರುವಾಸಿಯಾದ ವೈದ್ಯರು, ಹೆಣ್ಣುಮಕ್ಕಳ ಶರೀರವು ಹುಡುಗರ ಸಮನಾದ ಉನ್ನತ ವ್ಯಾಸಂಗವನ್ನು ತಾಳಲಾರದೆಂದು ಒಂದು ಪತ್ರಿಕೆಯಲ್ಲಿ ವಾದಿಸಿದರು. ಅದೇ ವರುಷದಲ್ಲಿ ಅದಕ್ಕೆ ಉತ್ತರ ಬರೆದವರು ಎಲಿಜಬೆತ್ ಗ್ಯಾರೆಟ್ ಆ್ಯಂಡರ್ಸನ್; 1865ರಲ್ಲಿ ವೈದ್ಯವೃತ್ತಿಗೆ ಅರ್ಹತೆ ಪಡೆದಿದ್ದ ಸ್ತ್ರೀ. ಅವರ ಉತ್ತರದಲ್ಲಿದ್ದ ಒಂದು ಸರಳವಾದ ಸಂಗತಿಯನ್ನು ಇಲ್ಲಿ ಹೇಳಿದರೆ ಸಾಕು: ಬಡ ಹೆಂಗಸರು ತಿಂಗಳ ಎಲ್ಲಾ ದಿನಗಳಲ್ಲಿಯೂ ಬಿಡುವಿಲ್ಲದೆ ಮೈಮುರಿದು ದುಡಿಯುತ್ತಾರೆ, ಆಗ ಯಾವ ವೈದ್ಯನೂ ಅವರ ನಾಜೂಕನ್ನು ಕುರಿತು ಲೇಖನ ಬರೆಯುವದಿಲ್ಲ. (ಈ ಕಡೇ ಮಾತು ನಮ್ಮದು, ಆಕೆ ಅದನ್ನು ಹೆಚ್ಚು ವಿನಯದಿಂದ ಸೂಚಿಸಿದರು.) ನೀರಿನ ಕೊಡ ಹೊರುವಾಗ ಗಟ್ಟಿ, ಪುಸ್ತಕ ಹಿಡಿಯುವಾಗ ನಾಜೂಕು ಎಂಬ ಲೆಕ್ಕವು ಇಂಗ್ಲೆಂಡಿನಲ್ಲಿ ಮಾತ್ರವೇ ನಡೆಯಿತೆಂದು ನಮ್ಮ ವಾಚಕರು ಎಣಿಸಲಾರರು.

ಈಗ ಇನ್ನೊಂದು ಬಳಕೆಗೆ ಬರೋಣ. ಮಾತಾಡಲು ಸಂಕೋಚವಾಗುವ ಸಂಗತಿಗೆ ಇಂಗ್ಲಿಷರು ಡೆಲಿಕೇಟ್ ವಿಷಯವೆನ್ನುತ್ತಾರೆ. ಹೆಂಗಸು ಬಸುರಾಗಿದ್ದಾಳೆಂದು ಬಾಯಿಬಿಟ್ಟು ಹೇಳದೆ, ಅವಳು ಡೆಲಿಕೇಟ್ ಸ್ಥಿತಿಯಲ್ಲಿದ್ದಾಳೆಂದು ಹೇಳುವ ರೂಢಿಯೂ ಅವರಲ್ಲಿತ್ತು. ಇದರಲ್ಲಿ ಒಳ್ಳೆಯದೂ ಉಂಟು. ಆದರೆ 1864, 1866, 1869 ಈ ವರುಷಗಳಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಸಾಂಕ್ರಾಮಿಕ ರೋಗಗಳ ಹೆಸರಿನಲ್ಲಿ ಕೆಲವು ಕಾನೂನುಗಳನ್ನು ಮಾಡಿತು. ದಂಡುಗಳಿರುವ ಕೆಲವು ಊರುಗಳಲ್ಲಿಯೂ ಬಂದರುಗಳಲ್ಲಿಯೂ, ವೇಶ್ಯಾವೃತ್ತಿಯವಳೆಂದು ಪೊಲೀಸಿನವನು ಸಂಶಯಪಟ್ಟ ಯಾವ ಹೆಂಗಸನ್ನಾದರೂ ಶರೀರಪರೀಕ್ಷೆಗೆ ಒಳಪಡಿಸಬಹುದೆಂದಾಯಿತು. ಅವಳ ಬಳಿಗೆ ಹೋದ ಗಂಡಸಿಗೆ ಮಾತ್ರ ಪರೀಕ್ಷೆಯಿರಲಿಲ್ಲ. 1868ರಲ್ಲಿ ಇಂಥದೇ ಕಾನೂನು ನಮ್ಮ ದೇಶಕ್ಕೂ ಬಂತು. ಮರ್ಯಾದಸ್ಥರು ಇದನ್ನು ಕುರಿತು ಮಾತಾಡಲಿಲ್ಲ. ಯಾಕಂದರೆ ವಿಷಯವು ಡೆಲಿಕೇಟ್. ಜೋಸೆಫೀನ್ ಬಟ್ಲರ್ ಎಂಬಾಕೆ, ಒಬ್ಬ ಪಾದ್ರಿಗಳ ಹೆಂಡತಿ, 1869ರಿಂದ ಇದನ್ನು ಬಹಿರಂಗವಾಗಿ ಎತ್ತಿ ಆಡಿದಾಗ, ಕುಲಸ್ತ್ರೀಯು ಬಾಯಲ್ಲಿ ತರಬಾರದ ಮಾತನ್ನು ತರುತ್ತಾಳೆಂದು ಆಕೆಯನ್ನು ಹಳಿದರು. ಆಕೆ ನಿಲ್ಲಿಸಲಿಲ್ಲ. ಆ ಕಾನೂನುಗಳು 1883ರಲ್ಲಿ ತಡೆಯಲ್ಪಟ್ಟು 1886ರಲ್ಲಿ ರದ್ದಾದವು. ಇಲ್ಲಿ ನಾಜೂಕಾದವರು ಯಾರು? ಆ ಸಂಗತಿಯನ್ನು ಕೇಳಲಾರೆವೆಂದು ಕಿವಿ ಮುಚ್ಚಿಕೊಂಡವರೋ, ಬೀದಿಯಲ್ಲಿ ಹಿಡಿಯಲ್ಪಟ್ಟ ಹೆಂಗಸಿಗೆ ಆದ ಅವಮಾನವನ್ನು ತನ್ನ ಮೈಗೆ ಆದಂತೆ ಎಣಿಸಿ, ತನಗೆ ಒಗ್ಗದ ಮಾತುಗಳನ್ನು ಸಭೆಗಳಲ್ಲಿ ಆಡಿದ ಆ ಹೆಂಗಸೋ?

ನಮ್ಮ ಗ್ರಾಮಗಳಲ್ಲಿಯೂ ಹಿರಿಯರು ಕೂಡಿದಲ್ಲಿ “ಅದು ಸೂಕ್ಷ್ಮದ ಮಾತು, ಈಗ ಎತ್ತಬೇಡಿರಿ” ಎಂಬದನ್ನು ನಾವು ಎಷ್ಟೋ ಸಾರಿ ಕೇಳಿದ್ದೇವೆ. ವಿಧವೆಯ ಹೊಲದ ಪಾಲನ್ನು ಮೈದುನನು ಉಳುತ್ತಿರುವದು ಸೂಕ್ಷ್ಮದ ಮಾತು. ಕುಡಿದು ಬಂದು ಹೆಂಡತಿಯನ್ನು ಹೊಡೆಯುವವನು ದೊಡ್ಡ ಮನೆತನದವನಾದರೆ ಅದು ಸೂಕ್ಷ್ಮ. ಕೂಲಿಯವನಾದರೆ ಆ ಕ್ಷಣವೇ ವಿಚಾರಣೆ. ಹಾಗೆಂದು ಎಲ್ಲವನ್ನೂ ಚಾವಡಿಯಲ್ಲಿ ಹರಡಬೇಕೆಂದು ನಾವು ಹೇಳುವದಿಲ್ಲ. ಬಡವನಿಗೆ ಕೊಟ್ಟ ಅಕ್ಕಿಯ ಲೆಕ್ಕವನ್ನು ಅವನ ಹೆಸರು ಹಿಡಿದು ಎಲ್ಲರ ಮುಂದೆ ಓದುವದು, ಮಗಳ ರೋಗವನ್ನು ಮುಚ್ಚಿಟ್ಟುಕೊಂಡ ತಾಯಿಯನ್ನು ಬೀದಿಯಲ್ಲಿ ನಿಲ್ಲಿಸಿ ಕೇಳುವದು, ಇವು ಸತ್ಯವೇ ಆದರೂ ಮೃಗತ್ವವೇ. ಇಂಥಲ್ಲಿ ಬಾಯಿ ಕಟ್ಟಬೇಕು. ಎರಡನ್ನೂ ಬೇರ್ಪಡಿಸಲು ನಮಗೆ ತೋಚಿದ ಅಳತೆ ಒಂದೇ: ಮಾತಾಡಿದರೆ ಯಾರಿಗೆ ನೋವು, ಸುಮ್ಮನಿದ್ದರೆ ಯಾರಿಗೆ ನೋವು, ಆ ಇಬ್ಬರಲ್ಲಿ ತಾಳುವ ಬಲ ಯಾರಿಗೆ ಹೆಚ್ಚು? ಬಲವುಳ್ಳವನ ಮುಖ ಬಾಡದಂತೆ ಕಾಯುವ ಮೌನಕ್ಕೆ ಸೂಕ್ಷ್ಮವೆಂಬ ಒಳ್ಳೆಯ ಹೆಸರು ಸಲ್ಲದು.

ಇನ್ನು ಈ ಮಾತಿನ ಅತ್ಯುತ್ತಮವಾದ ಅರ್ಥಕ್ಕೆ ಬಂದೆವು. ಅಲ್ಪವಾದದ್ದನ್ನೂ ಅರಿಯಬಲ್ಲ ಯಂತ್ರಕ್ಕೆ ಡೆಲಿಕೇಟ್ ಎನ್ನುತ್ತಾರೆ. ಇದಕ್ಕೆ ಒಂದು ದೃಷ್ಟಾಂತ. 1858ರಲ್ಲಿ ಐರ್ಲೆಂಡಿನಿಂದ ನ್ಯೂಫೌಂಡ್‌ಲ್ಯಾಂಡಿನ ತನಕ ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿಯನ್ನು ಹಾಸಿದರು. ಆಗಸ್ಟ್ ತಿಂಗಳಲ್ಲಿ ಸಂದೇಶಗಳು ದಾಟಿದವು. ಅಷ್ಟು ದೂರ ಹೋಗುವಷ್ಟರಲ್ಲಿ ವಿದ್ಯುತ್ತು ಬಹಳ ಕ್ಷೀಣವಾಗುತ್ತಿತ್ತು. ಕಂಪೆನಿಯ ವಿದ್ಯುತ್ ಕೆಲಸವನ್ನು ನೋಡುತ್ತಿದ್ದ ವೈಲ್ಡ್‌ಮನ್ ವೈಟ್‌ಹೌಸ್ ಎಂಬವರ ಅಭಿಪ್ರಾಯವೇನಂದರೆ, ಈಚೆಯಿಂದ ಹೆಚ್ಚು ಬಲವಾಗಿ ನೂಕಬೇಕೆಂಬದು. ಅವರು ಸುಮಾರು 2,000 ವೋಲ್ಟುಗಳ ಒತ್ತಡವನ್ನು ಹಾಕಿದರು. ವಿಲಿಯಮ್ ಥಾಮ್ಸನ್ ಎಂಬ ಪಂಡಿತರು, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು, ಬೇರೆ ದಾರಿಯನ್ನು ಹಿಡಿದರು. ಬಹು ಹಗುರವಾದ ಒಂದು ಚಿಕ್ಕ ಕನ್ನಡಿಯ ಬೆನ್ನಿಗೆ ಅಯಸ್ಕಾಂತದ ಚೂರುಗಳನ್ನು ಅಂಟಿಸಿ, ರೇಷ್ಮೆಯ ಎಳೆಯಿಂದ ತೂಗಹಾಕಿ, ಅದರ ಮೇಲೆ ದೀಪದ ಕಿರಣವು ಬೀಳುವಂತೆ ಮಾಡಿದರು. ತಂತಿಯ ಆಚೆಯ ಕೊನೆಯಿಂದ ಬಂದ ಅತ್ಯಲ್ಪ ವಿದ್ಯುತ್ತಿಗೂ ಕನ್ನಡಿಯು ಕೂದಲೆಳೆಯಷ್ಟು ತಿರುಗುವದು. ಬೆಳಕಿನ ಚುಕ್ಕೆಯು ದೂರದ ಅಳತೆಪಟ್ಟಿಯ ಮೇಲೆ ಕಣ್ಣಿಗೆ ಕಾಣುವಷ್ಟು ಸರಿಯುವದು. ಮೊದಲೇ ದೋಷಗಳಿದ್ದ ಆ ತಂತಿಯು ಅಷ್ಟು ಬಲವಂತವನ್ನು ತಾಳದೆ ಸುಮಾರು ಮೂರು ವಾರಗಳಲ್ಲಿ ಮೂಕವಾಯಿತು. ಬಾಳಿಕೆಯುಳ್ಳ ತಂತಿಯು ಬಿದ್ದದ್ದು 1866ರಲ್ಲಿ. ಆಗ ಆ ಕನ್ನಡಿಯ ಯಂತ್ರವು ತನ್ನ ಕೆಲಸವನ್ನು ಮಾಡಿತು. ದುರ್ಬಲವಾಗಿ ಬರುವ ಮಾತನ್ನು ಕೇಳಲು ಗಟ್ಟಿಯಾಗಿ ಕೂಗಬೇಕಾಗಿರಲಿಲ್ಲ, ಚೆನ್ನಾಗಿ ಆಲಿಸಬೇಕಾಗಿತ್ತು.

ರೇಷ್ಮೆಯ ಮಾತು ಬಂದದ್ದರಿಂದ ನಮ್ಮ ನಾಡಿನದೊಂದನ್ನು ಹೇಳುತ್ತೇವೆ. ಮೈಸೂರು ಸೀಮೆಯಲ್ಲಿ ಹುಳು ಸಾಕುವ ಮನೆಗಳಲ್ಲಿ, ಮೊಟ್ಟೆಯಿಂದ ಆಗ ತಾನೆ ಹೊರಟ ಚಾಕಿ ಹುಳುಗಳನ್ನು ಬೆರಳಿನಿಂದ ಮುಟ್ಟಲಾಗದು. ಇರುವೆಯಷ್ಟು ಸಣ್ಣವಾದ ಅವುಗಳನ್ನು ಹಕ್ಕಿಯ ಗರಿಯಿಂದ ಮೆಲ್ಲಗೆ ಸರಿಸಿ, ಸಣ್ಣಗೆ ಹೆಚ್ಚಿದ ಎಳೆ ಹಿಪ್ಪುನೇರಳೆ ಎಲೆಯ ಮೇಲೆ ಇಳಿಸುವದುಂಟು. ಗರಿ ಹಿಡಿದ ಆ ಹೆಂಗಸಿನ ಅಂಗೈಯನ್ನು ನೋಡಿದರೆ, ಗುದ್ದಲಿ ಹಿಡಿದೂ ಸೌದೆ ಒಡೆದೂ ಚರ್ಮವು ಜಡ್ಡುಗಟ್ಟಿರುತ್ತದೆ. ಅಂಗಾಲು ನೆಲಕ್ಕೆ ಸೋಂಕದವಳ ಕೈ ನಾಜೂಕಾದದ್ದೋ, ಇವಳದೋ? ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಮಾತು. ಕನ್ನಡದಲ್ಲಾದರೋ ಒಬ್ಬಳದು ಸುಕುಮಾರವಾದ ಕೈ, ಇನ್ನೊಬ್ಬಳದು ಹದ ಬಲ್ಲ ಕೈ. ಹದವೆಂಬ ಈ ನಮ್ಮ ಮಾತಿಗೆ ಸಮನಾದದ್ದನ್ನು ಇಂಗ್ಲಿಷಿನಲ್ಲಿ ಹುಡುಕಿ ನಾವು ದಣಿದಿದ್ದೇವೆ.

ಇದಕ್ಕೆ ಒಂದು ಆಕ್ಷೇಪವುಂಟು, ಅದನ್ನು ಮರೆಮಾಚಬಾರದು. ತನಗೆ ನೋವೇ ತಿಳಿಯದವನು ಇನ್ನೊಬ್ಬರ ನೋವನ್ನು ಹೇಗೆ ತಿಳಿಯುವನು? ಆದದರಿಂದ ನೋಯುವ ಸ್ವಭಾವವೇ ನೋಯಿಸದ ಸ್ವಭಾವಕ್ಕೆ ತಾಯಿಯಲ್ಲವೇ? ಇದರಲ್ಲಿ ಬಹಳ ಸತ್ಯವಿದೆ. ಏನು ಅಂದರೂ ನಾಟದ ಮನುಷ್ಯನು ಒಳ್ಳೆಯ ದಾದಿಯಾಗಲಾರನು, ಒಳ್ಳೆಯ ಉಪಾಧ್ಯಾಯನೂ ಆಗಲಾರನು. ಥಾಮ್ಸನರ ಕನ್ನಡಿಯನ್ನೂ ಗಾಳಿ ತಗಲದಂತೆ ಪೆಟ್ಟಿಗೆಯೊಳಗೆ ಇಟ್ಟು ಕಾಯಬೇಕಾಗಿತ್ತು. ಆದರೆ ಪೆಟ್ಟಿಗೆಯೊಳಗೆ ಇಟ್ಟದ್ದು ಅದನ್ನು ಸುಖವಾಗಿಡುವದಕ್ಕಲ್ಲ, ಆಚೆಯ ದಡದ ಮಾತಿಗೆ ಮಾತ್ರ ಅದು ಅಲುಗುವಂತೆ ಮಾಡುವದಕ್ಕೆ. ತನ್ನನ್ನು ಯಾರು ಕರೆಯಲಿಲ್ಲ, ತನಗೆ ಯಾರು ಮೊದಲು ನಮಸ್ಕಾರ ಹೇಳಲಿಲ್ಲ, ಮದುವೆಯ ಪಂಕ್ತಿಯಲ್ಲಿ ತನ್ನ ಎಲೆ ಎಲ್ಲಿ ಬಿತ್ತು ಎಂಬದಕ್ಕೆಲ್ಲಾ ಅಲುಗುವ ಮನಸ್ಸು ಸ್ವಂತ ಮನೆಯ ಗಾಳಿಗೇ ತಿರುಗುವ ಕನ್ನಡಿಯಂತೆ. ದೂರದಿಂದ ಬಂದ ಸಂದೇಶವು ಅದರಲ್ಲಿ ಓದಲ್ಪಡುವದಿಲ್ಲ. ಅಂಥವರನ್ನು ಬಹು ಸೂಕ್ಷ್ಮ ಮನಸ್ಸಿನವರೆಂದು ನಾವು ಹೊಗಳುತ್ತಾ ಬಂದಿದ್ದೇವೆ. ಅವರ ಸುತ್ತಲೂ ಮನೆಯವರೆಲ್ಲರೂ ಉಸಿರು ಬಿಗಿಹಿಡಿದು ನಡೆಯುತ್ತಾರೆ.

ಕಡೆಯದಾಗಿ ಆದಿಕಾಂಡದ 33ನೆಯ ಅಧ್ಯಾಯದಲ್ಲಿರುವ ಯಾಕೋಬನ ಸಂಗತಿಯನ್ನು ನೋಡೋಣ. ಯಾಕಂದರೆ ಅಲ್ಲಿಯೂ ‘ರಾಖ್’ ಎಂಬ ಆ ಇಬ್ರಿಯ ಮಾತೇ ಬರುತ್ತದೆ. ನಾನೂರು ಮಂದಿಯೊಡನೆ ಬಂದ ಅಣ್ಣನಾದ ಏಸಾವನು, ಕೂಡಿ ಪ್ರಯಾಣ ಮಾಡೋಣವೆಂದು ಕರೆದಾಗ ಯಾಕೋಬನು ಒಪ್ಪಲಿಲ್ಲ. ಮಕ್ಕಳು ಎಳೆಯರು, ಹಾಲೂಡಿಸುವ ಕುರಿದನಗಳು ಸಂಗಡ ಇವೆ, ಒಂದು ದಿನ ಬಲವಂತವಾಗಿ ನಡೆಸಿದರೂ ಹಿಂಡು ಸಾಯುವದು, ಆದದರಿಂದ ಅವುಗಳ ನಡಿಗೆಗೆ ತಕ್ಕಂತೆ ಮೆಲ್ಲಗೆ ಬರುವೆನೆಂದು ಹೇಳಿದನು. ಕುರುಬರಾದ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾಕೋಬನು ಅಣ್ಣನಿಗೆ ಹೆದರಿ, ತಪ್ಪಿಸಿಕೊಳ್ಳುವದಕ್ಕಾಗಿ ಮಕ್ಕಳ ನೆವವನ್ನು ಹೇಳಿದನೆಂದು ಕೆಲವು ವ್ಯಾಖ್ಯಾನಕಾರರು ಅನ್ನುತ್ತಾರೆ. ಇರಬಹುದು; ಸೇಯೀರಿಗೆ ಬರುವೆನೆಂದು ಹೇಳಿದವನು ಆಗ ಅಲ್ಲಿಗೆ ಹೋದಂತೆ ಕಾಣುವದಿಲ್ಲ, ಮತ್ತು ಎಳೆಯರ ಹೆಸರಿನಲ್ಲಿ ದೊಡ್ಡವರು ತಮ್ಮ ಕಾರ್ಯ ಸಾಧಿಸಿಕೊಳ್ಳುವದು ಹೊಸದೇನೂ ಅಲ್ಲ. ಆದರೆ ನೆವವೆಂದಾದರೂ ಅವನು ಹೇಳಿದ ಮಾತು ಹಿಂಡಿನ ವಿಷಯದಲ್ಲಿ ಸುಳ್ಳಾಗಿರಲಿಲ್ಲ, ಆ ಮಾತಿನಂತೆ ಅವನ ಕೈಯೂ ನಡೆಯಿತು. ಏಸಾವನೂ ಅವನ ನಾನೂರು ಮಂದಿಯೂ ಅದೇ ದಿನ ಸೇಯೀರಿಗೆ ಹೊರಟುಹೋದರು. ಯಾಕೋಬನು ಸ್ವಲ್ಪ ದೂರ ಹೋಗಿ ಇಳುಕೊಂಡು, ತನಗೆ ಒಂದು ಮನೆಯನ್ನೂ ದನಕುರಿಗಳಿಗೆ ಚಪ್ಪರಗಳನ್ನೂ ಕಟ್ಟಿದನು. ಊರಿಗೆ ಹೆಸರು ಬಂದದ್ದು ಮನೆಯಿಂದಲ್ಲ, ಚಪ್ಪರಗಳಿಂದ. ಸುಕ್ಕೋತ್ ಎಂಬದಕ್ಕೆ ಚಪ್ಪರಗಳೆಂದೇ ಅರ್ಥ.